ನಡೆಯುವ ಪ್ಯಾಂಟ್ ಬೇರೆ, ನಿಲ್ಲುವ ಪ್ಯಾಂಟ್ ಬೇರೆ

ಕಳೆದ ವಾರ ನಿಮ್ಮಲ್ಲೇ ಒಬ್ಬರು ಫೋನ್ ಮಾಡಿ, "ಮೇಡಂ, ಮೈನಸ್ ಹತ್ತು ಡಿಗ್ರಿ ತಡೆಯುವ ಪ್ಯಾಂಟ್ ಯಾವುದು ಹೇಳಿಬಿಡಿ, ಅದನ್ನೇ ಕೊಳ್ಳುತ್ತೇನೆ" ಎಂದರು. ನಾನು ಅವರನ್ನು ಮರಳಿ ಕೇಳಿದೆ: "ಮೈನಸ್ ಹತ್ತರಲ್ಲಿ ನೀವು ಏನು ಮಾಡುತ್ತಿರುತ್ತೀರಿ? ಬೆನ್ನಿಗೆ ಚೀಲ ಹೊತ್ತು ಏರು ಹತ್ತುತ್ತಿರುತ್ತೀರೋ, ಟೆಂಟಿನ ಮುಂದೆ ಚಹಾ ಲೋಟ ಹಿಡಿದು ನಿಂತಿರುತ್ತೀರೋ?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡೂ ಮಾಡುತ್ತೇನಲ್ಲ" ಎಂದರು. ಇವತ್ತು ನಾನು ಹೇಳಬೇಕೆಂದಿರುವುದು ಆ ಉತ್ತರದಲ್ಲೇ ಇದೆ. ಎರಡೂ ಮಾಡುತ್ತೀರಿ, ಆದರೆ ಎರಡಕ್ಕೂ ಒಂದೇ ಪ್ಯಾಂಟ್ ಆಗುವುದಿಲ್ಲ.

ನಾವು ಹೊರಟಿರುವುದು ಉತ್ತರಾಖಂಡದ ಕೇದಾರಕಂಠಕ್ಕೆ, ಡಿಸೆಂಬರ್ ಕೊನೆಯಲ್ಲಿ. ಎತ್ತರದ ಅಂದಾಜು ಸಿಗಲಿ ಎಂದು ಒಂದು ಹೋಲಿಕೆ ಕೊಡುತ್ತೇನೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಕೇದಾರಕಂಠದ ಚಾರಣ ಶುರುವಾಗುವ ಸಾಂಕ್ರಿ ಎಂಬ ಹಳ್ಳಿ ಇರುವುದೇ ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿ. ನಮ್ಮಲ್ಲಿ ಹತ್ತುವುದು ಎಲ್ಲಿ ಮುಗಿಯುತ್ತದೋ ಆ ಎತ್ತರದಲ್ಲಿ ಅಲ್ಲಿ ಮನೆಗಳು, ಅಂಗಡಿಗಳು ಇವೆ, ಜೀಪುಗಳು ನಿಂತಿರುತ್ತವೆ. ಅಲ್ಲಿಂದ ಇನ್ನೂ 1,850 ಮೀಟರ್ ಏರಿದರೆ 3,800 ಮೀಟರಿನ ಶಿಖರ. ಸಾವಿರ ಮೀಟರ್ ಏರಿದರೆ ತಾಪಮಾನ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಲೆಕ್ಕ ಹಾಕಿ: ಊರಿಗೂ ಶಿಖರಕ್ಕೂ 12 ಡಿಗ್ರಿ ವ್ಯತ್ಯಾಸ. ಬೆಳಗಿನ ಜಾವ ಊರಲ್ಲಿ ಸೊನ್ನೆಯ ಹತ್ತಿರ ಇದ್ದರೆ ಮೇಲೆ ಮೈನಸ್ ಹನ್ನೆರಡರ ಸುಮಾರು. ಅದರ ಮೇಲೆ ಗಾಳಿ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಬರಿಯ ಚರ್ಮಕ್ಕೆ ಅದು ಮೈನಸ್ 20ರಂತೆ ತಾಗುತ್ತದೆ.

ಇಷ್ಟು ಕೇಳಿದ ಕೂಡಲೇ ಎಲ್ಲರ ಮನಸ್ಸೂ ದಪ್ಪ ಪ್ಯಾಂಟಿನ ಕಡೆ ಓಡುತ್ತದೆ. ನನ್ನದೂ ಓಡಿತ್ತು. ಮೊದಲ ಸಲ ಹೋಗುವ ಮುಂಚೆ ಇಲ್ಲೇ ಬೆಂಗಳೂರಿನ ಒಂದು ಅಂಗಡಿಯಲ್ಲಿ, ಇದ್ದುದರಲ್ಲೇ ಅತಿ ದಪ್ಪನೆಯ, ಒಳಗೆ ಹತ್ತಿಯಂತೆ ಏನೋ ತುಂಬಿ ಹೊಲಿದ ಕಪ್ಪು ಪ್ಯಾಂಟ್ ಕೊಂಡೆ. "ಲೇಹ್‌ಗೂ ಇದೇ ಸಾಕು ಮೇಡಂ" ಎಂದು ಅಂಗಡಿಯವರು ಭರವಸೆ ಕೊಟ್ಟರು. ಅದರೊಳಗೆ ಥರ್ಮಲ್, ಎಂದರೆ ಮೈಗಂಟುವ ಬೆಚ್ಚನೆಯ ಒಳಪ್ಯಾಂಟ್, ಹಾಕಿಕೊಂಡು ಸಾಂಕ್ರಿಯಿಂದ ಬೆಳಗ್ಗೆ ಹೊರಟೆ. ಮೊದಲ ದಿನ ಜೂಡಾ ಕಾ ತಾಲಾಬ್ ಎಂಬ ಕೆರೆಯವರೆಗೆ ನಡಿಗೆ. ದೂರ ನೋಡಿದರೆ ಕಡಿಮೆ, ಆದರೆ ಸುಮಾರು 800 ಮೀಟರ್ ಏರಬೇಕು, ಪೈನ್ ಮರಗಳ ನಡುವೆ ಸಮ ನೆಲವೇ ಅಪರೂಪ. ಅರ್ಧ ಗಂಟೆಗೆ ಮಂಡಿಯ ಹಿಂದೆ ಬೆವರು ಇಳಿಯತೊಡಗಿತು. ಒಂದು ಗಂಟೆಗೆ ಥರ್ಮಲ್ ತೊಡೆಗೆ ಅಂಟಿಕೊಂಡಿತ್ತು. ನಮ್ಮ ಮಾರ್ಗದರ್ಶಿ ಅಲ್ಲಿನ ಗಡವಾಲಿ ಯುವಕ. ತೆಳ್ಳಗಿನ ನೈಲಾನ್ ಪ್ಯಾಂಟ್ ಹಾಕಿಕೊಂಡು ನಡೆಯುತ್ತಿದ್ದ. ಆತ ಎರಡು ಸಲ ಹಿಂದಿರುಗಿ ನೋಡಿ, "ದೀದಿ, ಬೆವರುತ್ತಿದ್ದೀರಿ, ಅದನ್ನು ಬಿಚ್ಚಿ ಬೇರೆ ಹಾಕಿಕೊಳ್ಳಿ" ಎಂದು ಹಿಂದಿಯಲ್ಲಿ ಹೇಳಿದ. ಬೇರೆ ಎಂದರೆ ನನ್ನ ಚೀಲದಲ್ಲಿ ಇದ್ದದ್ದು ರಾತ್ರಿ ಮಲಗಲು ತಂದ ಕಾಟನ್ ಪೈಜಾಮ ಮಾತ್ರ.

ಕ್ಯಾಂಪ್ ತಲುಪಿದಾಗ ಮಧ್ಯಾಹ್ನ ಮೂರೂವರೆ. ಬಿಸಿಲಿತ್ತು, ಎಲ್ಲರೂ ಹಿಮದ ಮೇಲೆ ನಿಂತು ಫೋಟೊ ತೆಗೆಸಿಕೊಂಡೆವು. ನಾಲ್ಕು ಗಂಟೆ ಹೊತ್ತಿಗೆ ಸೂರ್ಯ ಬೆಟ್ಟದ ಅಂಚಿಗೆ ಸರಿದ. ಆಮೇಲಿನ ಇಪ್ಪತ್ತು ನಿಮಿಷಗಳನ್ನು ನಾನು ಮರೆತಿಲ್ಲ. ಬಾವಿಯಿಂದ ಆಗಷ್ಟೇ ತೆಗೆದ ಒದ್ದೆ ಬಟ್ಟೆಯನ್ನು ಯಾರೋ ಎರಡೂ ತೊಡೆಗೆ ಸುತ್ತಿ ಬಿಗಿದ ಹಾಗಾಯಿತು. ಮೊದಲು ತೊಡೆ, ಆಮೇಲೆ ಮಂಡಿ, ಆಮೇಲೆ ಪಾದ. ನಡುಕ ಹತ್ತಿತು, ಚಹಾ ಲೋಟ ಕೈಯಲ್ಲಿ ನಿಲ್ಲಲಿಲ್ಲ. ಆ ಹುಡುಗ ಏನೂ ಕೇಳದೆ ತನ್ನ ಚೀಲದಿಂದ ಒಣ ಉಣ್ಣೆಯ ಪೈಜಾಮ ತಂದುಕೊಟ್ಟು, ಟೆಂಟಿನೊಳಗೆ ಹೋಗಿ ಒದ್ದೆಯದನ್ನೆಲ್ಲ ಬಿಚ್ಚಿ ಇದನ್ನು ಹಾಕಿಕೊಳ್ಳಿ ಎಂದ. ಹತ್ತು ನಿಮಿಷಕ್ಕೆ ನಡುಕ ನಿಂತಿತು. ನನ್ನ ದುಬಾರಿ ಪ್ಯಾಂಟ್ ಟೆಂಟಿನ ಬಾಗಿಲ ಬಳಿ ಬಿದ್ದಿತ್ತು. ಬೆಳಗ್ಗೆ ಎತ್ತಿಕೊಂಡಾಗ ಸೊಂಟದ ಭಾಗ ಹಲಗೆಯಂತೆ ಸೆಟೆದು ನಿಂತಿತ್ತು.

ಅಂದು ನನ್ನನ್ನು ಕಾಡಿದ್ದು ಹಿಮಾಲಯದ ಚಳಿಯಲ್ಲ, ನನ್ನದೇ ಬೆವರು. ಇದು ಯಾಕೆ ಹೀಗೆ ಎಂದು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಕಾರಣ ತಿಳಿದರೆ ಅಂಗಡಿಯಲ್ಲಿ ಯಾರೂ ನಿಮ್ಮನ್ನು ದಾರಿ ತಪ್ಪಿಸಲಾರರು.

ಸುಮ್ಮನೆ ಕುಳಿತ ಮನುಷ್ಯನ ದೇಹ ಸುಮಾರು 100 ವಾಟ್ ಶಾಖವನ್ನು ಹೊರಬಿಡುತ್ತದೆ. ಹಳೆಯ ಕಾಲದ ಒಂದು ಬಲ್ಬಿನಷ್ಟು. ಅದೇ ಮನುಷ್ಯ ಬೆನ್ನ ಮೇಲೆ ಚೀಲ ಹೊತ್ತು ಏರು ಹತ್ತುವಾಗ ಐದಾರು ಪಟ್ಟು ಶಾಖ ಹುಟ್ಟುತ್ತದೆ. ನಾವು ತಿಂದ ಅನ್ನದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ಮಾತ್ರ ಕಾಲನ್ನು ಎತ್ತಿ ಇಡುವುದಕ್ಕೆ ಬಳಕೆಯಾಗುತ್ತದೆ, ಉಳಿದದ್ದೆಲ್ಲ ಶಾಖ. ಆ ಶಾಖದ ಬಹುಭಾಗ ಎಲ್ಲಿ ಹುಟ್ಟುತ್ತದೆ? ತೊಡೆಯಲ್ಲಿ, ಪೃಷ್ಠದಲ್ಲಿ, ಮೀನಖಂಡದಲ್ಲಿ. ದೇಹದ ಅತಿ ದೊಡ್ಡ ಸ್ನಾಯುಗಳೆಲ್ಲ ಅಲ್ಲೇ ಇವೆ. ಉರಿಯುವ ಒಲೆಗೆ ಯಾರಾದರೂ ಕಂಬಳಿ ಹೊದಿಸುತ್ತಾರೆಯೇ? ನಡೆಯುವಾಗ ದಪ್ಪ ಪ್ಯಾಂಟ್ ಹಾಕಿಕೊಳ್ಳುವುದೆಂದರೆ ಅದೇ. ಆದ್ದರಿಂದಲೇ ಮೇಲೆ ಎರಡು ಮೂರು ಪದರ ಹಾಕಿಕೊಂಡವರೂ ಕಾಲಿಗೆ ಒಂದೋ ಎರಡೋ ತೆಳು ಪದರದಲ್ಲಿ ಸಲೀಸಾಗಿ ಹತ್ತುತ್ತಾರೆ. ನಿಂತ ಕೂಡಲೇ ಒಲೆ ಆರುತ್ತದೆ. ಆಗ ಕಂಬಳಿ ಬೇಕು, ಬೇಗ ಬೇಕು.

ಇನ್ನು ಬೆವರಿನ ವಿಷಯ. ನಿಶ್ಚಲ ಗಾಳಿಯ ಮೂಲಕ ಶಾಖ ಬಹಳ ನಿಧಾನವಾಗಿ ಸಾಗುತ್ತದೆ. ನೀರಿನ ಮೂಲಕ ಅದರ ಇಪ್ಪತ್ತು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಸಾಗುತ್ತದೆ. ಬೆಚ್ಚನೆಯ ಬಟ್ಟೆ ಎಂದು ನಾವು ಕರೆಯುವುದೆಲ್ಲ ನಿಜವಾಗಿ ಗಾಳಿಯನ್ನು ಅಲುಗಾಡದಂತೆ ಹಿಡಿದಿಡುವ ಬಟ್ಟೆ. ಆ ಗಾಳಿಯ ಜಾಗದಲ್ಲಿ ಬೆವರು ತುಂಬಿಕೊಂಡರೆ ಬಟ್ಟೆ ಎಷ್ಟೇ ದಪ್ಪವಿರಲಿ, ಪ್ರಯೋಜನವಿಲ್ಲ. ಸಾಲದೆಂಬಂತೆ ಒದ್ದೆ ಆರುವಾಗ ಅದಕ್ಕೆ ಬೇಕಾದ ಶಾಖವನ್ನು ನಮ್ಮ ಚರ್ಮದಿಂದಲೇ ಎಳೆದುಕೊಳ್ಳುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಂಪಾಗುವುದು ಹೀಗೆಯೇ. ಸಂಜೆ ನಾಲ್ಕು ಗಂಟೆಗೆ ನನ್ನ ತೊಡೆ ಒಂದು ಹೂಜಿಯಾಗಿತ್ತು.

ಇಲ್ಲಿ ಸ್ವಲ್ಪ ಊರಿನ ಕಡೆ ಹೋಗಿಬರುತ್ತೇನೆ. ನಾನು ಮಲೆನಾಡಿನವಳು. ನಮ್ಮಲ್ಲಿ ಜುಲೈ ತಿಂಗಳ ನಾಟಿಗೆ ಗದ್ದೆಗೆ ಇಳಿಯುವವರು ಕಂಬಳಿ ಕೊಪ್ಪೆ ಹಾಕಿಕೊಳ್ಳುತ್ತಿದ್ದರು. ಕುರಿಯ ಉಣ್ಣೆಯ ಒರಟು ಕಪ್ಪು ಕಂಬಳಿ, ತಲೆಯ ಮೇಲಿಂದ ಬೆನ್ನು ಪೂರ್ತಿ ಮುಚ್ಚುವಂತೆ ಮಡಿಸಿ ಹಾಕಿಕೊಂಡರೆ ಇಡೀ ದಿನ ಮಳೆಯಲ್ಲಿ ಬಗ್ಗಿ ನಿಲ್ಲಬಹುದು. ಚಿಕ್ಕಂದಿನಲ್ಲಿ ನನಗೆ ಅರ್ಥವಾಗದಿದ್ದ ಸಂಗತಿ ಏನೆಂದರೆ, ಹೊರಗಿನಿಂದ ಕಂಬಳಿ ನೀರು ಸೋರುವಷ್ಟು ನೆನೆದಿರುತ್ತಿತ್ತು, ಆದರೆ ಅಜ್ಜಿಯ ಕೊಪ್ಪೆಯೊಳಗೆ ನುಸುಳಿ ನಿಂತರೆ ಬೆಚ್ಚಗಿರುತ್ತಿತ್ತು. ಉಣ್ಣೆಯ ಎಳೆ ಸುರುಳಿ ಸುರುಳಿಯಾಗಿರುತ್ತದೆ. ನೆನೆದರೂ ಮುದ್ದೆಯಾಗದೆ ನಡುವೆ ಗಾಳಿಗೆ ಜಾಗ ಉಳಿಸಿಕೊಳ್ಳುತ್ತದೆ. ತನ್ನ ತೂಕದ ಶೇ 30ರಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಹಿಮಾಲಯದ ಆ ಹುಡುಗನ ಪೈಜಾಮ, ನಮ್ಮ ಅಜ್ಜಿಯ ಕೊಪ್ಪೆ ಎರಡೂ ಒಂದೇ ತಿಳಿವಳಿಕೆಯಿಂದ ಬಂದವು ಎಂದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ. ಉತ್ತರ ಕರ್ನಾಟಕದವರು ಇಲ್ಲಿ ಕೆಲವರಿದ್ದೀರಿ, ನಿಮ್ಮ ಕೌದಿಯ ಮಾತು ಆಮೇಲೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಈಗ ಒಳಗಿನಿಂದ ಹೊರಕ್ಕೆ ಬರೋಣ. ಒಳಉಡುಪಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ಒಳ್ಳೆಯ ಥರ್ಮಲ್ ಕೊಂಡು ಅದರೊಳಗೆ ಕಾಟನ್ ಚಡ್ಡಿ ಹಾಕಿಕೊಂಡರೆ ಒದ್ದೆಯಾಗುವ ಮೊದಲ ಬಟ್ಟೆ ಅದೇ, ಆರುವ ಕೊನೆಯ ಬಟ್ಟೆಯೂ ಅದೇ. ಸೊಂಟದ ಸುತ್ತ ಇಡೀ ಸಂಜೆ ತಣ್ಣಗಿರುತ್ತದೆ, ತೊಡೆ ಸಂದು ಉಜ್ಜಿ ಗಾಯವಾಗುತ್ತದೆ. ಪಾಲಿಯೆಸ್ಟರ್, ನೈಲಾನ್ ಅಥವಾ ಮೆರಿನೊ ಎಂಬ ತಳಿಯ ಕುರಿಯ ನವಿರು ಉಣ್ಣೆಯದು ಇರಲಿ.

ಥರ್ಮಲ್ ಮೈಗೆ ಅಂಟಿದಂತೆ ಇರಬೇಕು, ಬಿಗಿಯಬಾರದು. ರಾತ್ರಿ ಬಿಚ್ಚಿದಾಗ ಸೊಂಟದಲ್ಲೋ ಹಿಮ್ಮಡಿಯ ಮೇಲೋ ಕೆಂಪು ಗೆರೆ ಉಳಿದಿದ್ದರೆ ಅದು ಚಿಕ್ಕದು. ಚಳಿಗೆ ಹೆದರಿ ಒಂದರ ಮೇಲೊಂದು ಎರಡು ಥರ್ಮಲ್ ಹಾಕಿಕೊಳ್ಳುವವರನ್ನು ಪ್ರತಿ ತಂಡದಲ್ಲೂ ನೋಡುತ್ತೇನೆ. ಎರಡೂ ಬಿಗಿಯಾದರೆ ನಡುವೆ ಗಾಳಿಗೆ ಜಾಗವೇ ಇರುವುದಿಲ್ಲ, ಕಾಲಿಗೆ ರಕ್ತ ಸರಾಗವಾಗಿ ಇಳಿಯುವುದೂ ಇಲ್ಲ, ಪಾದ ತಣ್ಣಗಾಗುತ್ತದೆ. ಮೆರಿನೊ ಒಳ್ಳೆಯದು, ನಾಲ್ಕು ದಿನ ಹಾಕಿದರೂ ವಾಸನೆ ಬರುವುದು ಕಡಿಮೆ, ಆದರೆ ದುಬಾರಿ, ಬೇಗ ಸವೆಯುತ್ತದೆ. ಪಾಲಿಯೆಸ್ಟರ್ ಥರ್ಮಲ್ ನೀರನ್ನು ಬಹುತೇಕ ಹೀರುವುದೇ ಇಲ್ಲ, ಬೇಗ ಆರುತ್ತದೆ, ಅಗ್ಗ. ನಡೆಯಲು ಒಂದು ಪಾಲಿಯೆಸ್ಟರ್, ಮಲಗಲು ಮಾತ್ರ ಒಂದು ಮೆರಿನೊ: ನನ್ನ ಲೆಕ್ಕ ಇದು. ಮಲಗುವ ಜೊತೆಯನ್ನು ಹಗಲಿನಲ್ಲಿ ಏನೇ ಆದರೂ ಹೊರಗೆ ತೆಗೆಯುವಂತಿಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿರಬೇಕು. ಸಂಜೆ ಒಣ ಬಟ್ಟೆ ಇದೆ ಎಂಬ ಧೈರ್ಯ ಯಾವ ಜಾಕೆಟ್‌ಗಿಂತಲೂ ದೊಡ್ಡದು.

ಅದರ ಮೇಲೆ ನಡೆಯುವ ಪ್ಯಾಂಟ್. ಚಳಿಗಾಲದ ಚಾರಣದ ಪ್ಯಾಂಟ್ ಎಂದು ಅಂಗಡಿಗಳಲ್ಲಿ ಸಿಗುವುದರಲ್ಲಿ ಹೆಚ್ಚಿನವು ಹೊರಗೆ ನೈಲಾನ್, ಒಳಗೆ ತೆಳುವಾದ ಫ್ಲೀಸ್ (ಉಣ್ಣೆಯಂತೆ ಮೆತ್ತನೆಯ ಪಾಲಿಯೆಸ್ಟರ್ ಬಟ್ಟೆ) ಇರುವ ಸಾಫ್ಟ್‌ಶೆಲ್. ಕೇದಾರಕಂಠ, ಬ್ರಹ್ಮತಾಲದಂಥ ಕಡೆ ಇದು ಒಳ್ಳೆಯ ಆಯ್ಕೆ. ಮಧ್ಯಾಹ್ನದ ಬಿಸಿಲಿಗೆ ಒಳಗಿನ ಥರ್ಮಲ್ ಬಿಚ್ಚಿ ಬರಿಯ ಇದರಲ್ಲೇ ನಡೆಯಬಹುದು. ಆದರೆ ಒಂದು ಪರೀಕ್ಷೆ ಮಾಡಿ. ಬಟ್ಟೆಯನ್ನು ತುಟಿಗೆ ಒತ್ತಿ ಹಿಡಿದು ಜೋರಾಗಿ ಊದಿ. ಉಸಿರು ಕಷ್ಟಪಟ್ಟಾದರೂ ಆಚೆಗೆ ಹೋಗಿ ಅಂಗೈಗೆ ತಾಗಿದರೆ ಅದು ನಡೆಯುವ ಪ್ಯಾಂಟ್. ಕೆನ್ನೆ ಉಬ್ಬಿದರೂ ಒಂದಿಷ್ಟೂ ಹೋಗದಿದ್ದರೆ ಅದು ಗಾಳಿ ಮಳೆ ತಡೆಯುವುದಕ್ಕೆ, ಅದನ್ನು ಹಾಕಿಕೊಂಡು ಗಂಟೆಗಟ್ಟಲೆ ಏರು ಹತ್ತಿದರೆ ಒಳಗೆ ಬೆವರಿನ ಮಳೆ. ಅಂಗಡಿಯವರು ವಿಚಿತ್ರವಾಗಿ ನೋಡಿದರೆ ನೋಡಲಿ. ಚೀಟಿಯ ಮೇಲೆ ಬರೆದ ಅಂಕಿಗಿಂತ ನಿಮ್ಮ ಉಸಿರು ಹೆಚ್ಚು ನಿಜ ಹೇಳುತ್ತದೆ.

ಬರಿಯ ಫ್ಲೀಸ್ ಪ್ಯಾಂಟನ್ನು ಹೊರಗಿನ ಪದರವಾಗಿ ಹಾಕಿಕೊಳ್ಳಬೇಡಿ. ಮುಟ್ಟಿದರೆ ಮೆತ್ತಗೆ ಹಿತವಾಗಿರುತ್ತದೆ ನಿಜ. ಗಾಳಿ ಅದರಲ್ಲಿ ಜರಡಿಯಲ್ಲಿ ಹಾದಂತೆ ಹಾಯುತ್ತದೆ, ಮಂಡಿಯವರೆಗೆ ಹಿಮದ ಉಂಡೆಗಳು ಜೋತುಬೀಳುತ್ತವೆ. ಮಲಗುವಾಗ, ಅಥವಾ ಗಾಳಿ ತಡೆಯುವ ಪ್ಯಾಂಟಿನ ಒಳಗೆ ಅದಕ್ಕೆ ಒಳ್ಳೆಯ ಜಾಗವಿದೆ.

ಇನ್ನು ನಿಲ್ಲುವ ಪ್ಯಾಂಟ್. ಇನ್ಸುಲೇಟೆಡ್ ಪ್ಯಾಂಟ್ ಎಂದು ಕರೆಯುವುದು ಇದನ್ನೇ. ನಡುವೆ ತುಂಬಿದ ಪದರವಿರುವ, ಉಬ್ಬಿದ ಪ್ಯಾಂಟ್. ಇದು ಚೀಲದ ಮೇಲ್ಭಾಗದಲ್ಲಿ, ಕೈಗೆ ಸಿಗುವಂತೆ ಇರಬೇಕು. ಕ್ಯಾಂಪ್ ತಲುಪಿದ ಹತ್ತು ನಿಮಿಷದೊಳಗೆ, ಮೈ ಇನ್ನೂ ಬಿಸಿಯಿರುವಾಗಲೇ, ನಡೆಯುವ ಪ್ಯಾಂಟಿನ ಮೇಲೆಯೇ ಏರಿಸಿಕೊಳ್ಳಬೇಕು. ಚಳಿ ಹತ್ತಿದ ಮೇಲೆ ಹಾಕಿಕೊಂಡರೆ ಚಳಿಯನ್ನೂ ಒಳಗೆ ಸೇರಿಸಿಕೊಂಡಂತೆ. ಬಟ್ಟೆಗೆ ತನ್ನದೇ ಬಿಸಿ ಇಲ್ಲ, ಇರುವ ಬಿಸಿಯನ್ನು ಉಳಿಸುವುದು ಮಾತ್ರ ಅದಕ್ಕೆ ಗೊತ್ತು.

ತುಂಬುವ ವಸ್ತು ಎರಡು ಬಗೆ. ಬಾತುಕೋಳಿ, ಹೆಬ್ಬಾತುಗಳ ಎದೆಯ ತುಪ್ಪಳ ಒಂದು, ಅದನ್ನು ಡೌನ್ ಎನ್ನುತ್ತಾರೆ. ಪಾಲಿಯೆಸ್ಟರಿನ ನವಿರಾದ ಎಳೆಗಳು ಇನ್ನೊಂದು. ಡೌನ್ ಮೇಲೆ 600, 700, 800 ಎಂದು ಅಂಕಿ ಬರೆದಿರುತ್ತಾರೆ. ಒಂದು ಔನ್ಸ್ ತುಪ್ಪಳ, ಎಂದರೆ ಸುಮಾರು 28 ಗ್ರಾಂ, ಎಷ್ಟು ಘನ ಅಂಗುಲ ಜಾಗ ತುಂಬುವಷ್ಟು ಅರಳುತ್ತದೆ ಎಂಬ ಲೆಕ್ಕ ಅದು. ಅಂಕಿ ಹೆಚ್ಚಾದಷ್ಟು ಕಡಿಮೆ ತೂಕದಲ್ಲಿ ಹೆಚ್ಚು ಬಿಸಿ. ಆದರೆ ಎಷ್ಟು ಗ್ರಾಂ ತುಂಬಿದ್ದಾರೆ ಎಂಬುದನ್ನೂ ಕೇಳಬೇಕು. ಒಳ್ಳೆಯ ಅಕ್ಕಿ ಎಂದ ಮಾತ್ರಕ್ಕೆ ಒಂದು ಹಿಡಿ ಅಕ್ಕಿಯಲ್ಲಿ ನಾಲ್ಕು ಜನ ಉಣ್ಣಲಾಗುವುದಿಲ್ಲ. ಪಾಲಿಯೆಸ್ಟರ್ ತುಂಬಿದ್ದಾದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಬರೆದಿರುತ್ತದೆ: 40, 60, 100 ಹೀಗೆ. ಕೇದಾರಕಂಠದ ಸಂಜೆಗೆ, ಒಳಗೆ ಎರಡು ಪದರ ಇರುವಾಗ, 60 ಗ್ರಾಂ ಧಾರಾಳ. ಜನವರಿಯಲ್ಲಿ ಲಡಾಖಿನ ಜಾಂಸ್ಕರ್ ನದಿ ಹೆಪ್ಪುಗಟ್ಟಿದಾಗ ಅದರ ಮೇಲೆ ನಡೆಯುವ ಚಾದರ್ ಚಾರಣಕ್ಕೆ ಹೋಗುವವರ ಮಾತು ಬೇರೆ. ಅಲ್ಲಿ ರಾತ್ರಿ ಮೈನಸ್ 20ಕ್ಕಿಂತ ಕೆಳಗೆ ಇಳಿಯುತ್ತದೆ, ಅಲ್ಲಿಗೆ 100 ಗ್ರಾಂ ಅಥವಾ ಡೌನ್ ಬೇಕು.

ಡೌನ್ ಅಥವಾ ಪಾಲಿಯೆಸ್ಟರ್, ಯಾವುದು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ಪಾಲಿಯೆಸ್ಟರ್ ಎಂದೇ ಹೇಳುತ್ತೇನೆ. ತುಪ್ಪಳ ಒದ್ದೆಯಾದರೆ ಮುದ್ದೆಗಟ್ಟುತ್ತದೆ, ಕ್ಯಾಂಪಿನಲ್ಲಿ ಅದನ್ನು ಒಣಗಿಸುವ ದಾರಿ ಇಲ್ಲ. ಒದ್ದೆಯಾಗುವುದು ಮಳೆಯಿಂದ ಮಾತ್ರವಲ್ಲ. ಮೂವರು ಮಲಗಿದ ಟೆಂಟಿನೊಳಗೆ ಬೆಳಗಾಗುವಷ್ಟರಲ್ಲಿ ಉಸಿರಿನ ಹಬೆ ಗೋಡೆಗೆ ಹರಳುಗಟ್ಟಿರುತ್ತದೆ, ಯಾರದೋ ಮೊಣಕೈ ತಾಗಿದರೆ ಉದುರಿ ಬಟ್ಟೆಯ ಮೇಲೆ ಕರಗುತ್ತದೆ. ಮೇಲಾಗಿ ನಮ್ಮೂರಿನ ಮಳೆಗಾಲ. ಬೆಂಗಳೂರಿನಲ್ಲಾದರೂ ಪರವಾಗಿಲ್ಲ, ಶಿವಮೊಗ್ಗ, ಮಡಿಕೇರಿ, ಕರಾವಳಿಯ ಕಡೆಯವರು ಡೌನ್ ಬಟ್ಟೆಯನ್ನು ಜೂನ್‌ನಿಂದ ಸೆಪ್ಟೆಂಬರ್ ತನಕ ಮುಗ್ಗಲು ಹಿಡಿಯದಂತೆ ಕಾಪಾಡುವುದು ದೊಡ್ಡ ಕೆಲಸ.

ಈಗ ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಜೋಡಿಸಿ ಮೇಲಿಂದ ಕೆಳಗೆ ಸೂಜಿ ಹಾಯಿಸಿ ಹೊಲಿಯುತ್ತಾರೆ. ಪದರಗಳ ನಡುವೆ ಸಿಕ್ಕ ಗಾಳಿಯೇ ಅದರ ಬಿಸಿ. ಕೌದಿಯನ್ನು ದೀಪದ ಎದುರು ಎತ್ತಿ ಹಿಡಿದು ನೋಡಿ, ಹೊಲಿಗೆಯ ಸಾಲಿನಲ್ಲಿ ಬಟ್ಟೆ ತೆಳ್ಳಗಾಗಿ ಬೆಳಕು ತೂರುತ್ತದೆ. ಉಬ್ಬಿದ ಪ್ಯಾಂಟಿನಲ್ಲೂ ಹೀಗೆಯೇ. ಹೊಲಿಗೆ ಹಾದುಹೋದಲ್ಲೆಲ್ಲ ತುಂಬಿದ ಪದರ ಚಪ್ಪಟೆಯಾಗಿ ಅಲ್ಲಿ ಚಳಿ ನುಗ್ಗುತ್ತದೆ. ಒತ್ತೊತ್ತಾಗಿ ಹೊಲಿಗೆ ಇರುವುದು ನೋಡಲು ಚೆಂದ, ಬಿಸಿ ಕಡಿಮೆ. ಅಂಗಡಿಯಲ್ಲಿ ಪ್ಯಾಂಟನ್ನು ಬೆಳಕಿಗೆ ಹಿಡಿದು ಮಂಡಿ, ತೊಡೆಯ ಮುಂಭಾಗ, ಕುಳಿತುಕೊಳ್ಳುವ ಭಾಗ ಈ ಮೂರು ಕಡೆ ಹೊಲಿಗೆ ಎಷ್ಟಿದೆ ನೋಡಿ. ಹಿಮದ ಮೇಲೆ ಕುಳಿತಾಗ, ಬಾಗಿದಾಗ ಒತ್ತಡ ಬೀಳುವುದು ಅಲ್ಲೇ.

ಆರಾಮದ ಮಾತಿಗೆ ಬರುತ್ತೇನೆ. ಬೆಚ್ಚಗಿರುವ ಪ್ಯಾಂಟ್ ಬೇಕಾದಷ್ಟು ಸಿಗುತ್ತವೆ, ಹಾಕಿಕೊಂಡು ಬದುಕಲು ಆಗುವಂಥವು ಕಡಿಮೆ. ಅಂಗಡಿಗೆ ಹೋಗುವಾಗ ನಿಮ್ಮ ಥರ್ಮಲ್, ನಡೆಯುವ ಪ್ಯಾಂಟ್, ಚಾರಣದ ಬೂಟು, ಸಾಧ್ಯವಾದರೆ ಬೆನ್ನಿನ ಚೀಲವನ್ನೂ ತೆಗೆದುಕೊಂಡು ಹೋಗಿ. ಎಲ್ಲ ಪದರ ಹಾಕಿಕೊಂಡು ಮೊದಲು ಕುಕ್ಕುರುಗಾಲಿನಲ್ಲಿ ಕುಳಿತುಕೊಳ್ಳಿ, ಪೂರ್ತಿ ಕೆಳಗೆ. ಚಾರಣದ ಶೌಚಾಲಯ ಎಂದರೆ ಹಿಮದಲ್ಲಿ ತೋಡಿದ ಒಂದು ಗುಂಡಿ, ಅದರ ಸುತ್ತ ನಿಲ್ಲಿಸಿದ ಇಷ್ಟಗಲದ ಟೆಂಟ್. ಬೆಳಗಿನ ಜಾವ ಅಲ್ಲಿ, ಮೂರು ಪದರವನ್ನು ಮಂಡಿಯ ಹತ್ತಿರ ಮುದುರಿಕೊಂಡು ಕೂರಬೇಕು. ಮಂಡಿ ಬಿಗಿಯುವ, ಸೊಂಟದಿಂದ ಕೆಳಗೆ ಸಲೀಸಾಗಿ ಇಳಿಯದ ಪ್ಯಾಂಟ್ ಅಲ್ಲಿ ದೊಡ್ಡ ಹಿಂಸೆ. ಎದೆಯವರೆಗೆ ಬಂದು ಭುಜದ ಮೇಲೆ ಪಟ್ಟಿ ಇರುವ ಪ್ಯಾಂಟುಗಳನ್ನು ಹಿಮದ ಮೇಲೆ ಜಾರುವ ಸ್ಕೀಯಿಂಗ್‌ನವರು ಮೆಚ್ಚುತ್ತಾರೆ. ಟೆಂಟಿನಲ್ಲಿ ಇರುವ ನಮಗೆ ಅವು ಬೇಡ. ಶೌಚಕ್ಕೆ ಹೋಗಲು ಜಾಕೆಟ್ ಕೂಡ ಬಿಚ್ಚಬೇಕಾಗುತ್ತದೆ.

ಆಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ನೋಡಿ, ಊಟದ ಟೆಂಟಿನಲ್ಲಿ ಹಾಗೆಯೇ ಕೂರುವುದು. ಎದ್ದು, ಮಂಡಿ ಎತ್ತರದ ಸ್ಟೂಲಿನ ಮೇಲೆ ಒಂದು ಕಾಲಿಡಿ. ಆಗ ಪ್ಯಾಂಟಿನ ಕೆಳತುದಿ ಬೂಟಿನಿಂದ ಮೇಲಕ್ಕೆ ಎದ್ದರೆ ಉದ್ದ ಸಾಲದು. ತೊಡೆ ಸಂದಿಯಲ್ಲಿ ನಾಲ್ಕು ಹೊಲಿಗೆ ಬಂದು ಒಂದೇ ಕಡೆ ಸೇರುವ ಪ್ಯಾಂಟ್ ಬೇಡ. ಅಲ್ಲಿ ವಜ್ರದಾಕಾರದ ಒಂದು ತುಂಡು ಬಟ್ಟೆ ಸೇರಿಸಿ ಹೊಲಿದಿರುವುದನ್ನು ಆರಿಸಿ. ಅದರಿಂದ ಕಾಲು ಅಗಲಿಸಲು ಸಡಿಲ ಸಿಗುತ್ತದೆ, ಉಜ್ಜುವುದೂ ತಪ್ಪುತ್ತದೆ.

ಸೊಂಟಕ್ಕೆ ಸ್ವಲ್ಪ ಹೆಚ್ಚು ಗಮನ ಕೊಡಿ. ಬೆನ್ನಿನ ಚೀಲದ ಭಾರದ ಬಹುಪಾಲು ಭುಜದ ಮೇಲಲ್ಲ, ಸೊಂಟಪಟ್ಟಿಯ ಮೇಲೆ ಕೂರುತ್ತದೆ. ಆ ಪಟ್ಟಿಯ ಕೆಳಗೆ ದಪ್ಪ ಬೆಲ್ಟಿನ ಬಕಲ್, ಲೋಹದ ಗುಂಡಿ ಇದ್ದರೆ ಎರಡನೆಯ ದಿನಕ್ಕೆ ಮೂಳೆಯ ಮೇಲೆ ಚರ್ಮ ಸುಲಿದಿರುತ್ತದೆ. ಚಪ್ಪಟೆ ಎಲಾಸ್ಟಿಕ್ ಇದ್ದು ಒಳಗೆ ಲಾಡಿ ಇರುವ ಪ್ಯಾಂಟ್ ಎಲ್ಲಕ್ಕಿಂತ ಒಳ್ಳೆಯದು. ಎಲಾಸ್ಟಿಕ್ ಸಡಿಲವಾದರೂ ಲಾಡಿ ಕೈಬಿಡುವುದಿಲ್ಲ. ಎತ್ತರದಲ್ಲಿ ಹೊಟ್ಟೆ ಉಬ್ಬರಿಸುವುದೂ ಉಂಟು, ಆಗ ಸಡಿಲಿಸಿಕೊಳ್ಳಬಹುದು. ಜೇಬು ತೊಡೆಯ ಮೇಲಿರಲಿ, ಸೊಂಟದ ಬಳಿಯ ಜೇಬಿನಲ್ಲಿ ಇಟ್ಟದ್ದೆಲ್ಲ ಚೀಲದ ಪಟ್ಟಿಗೆ ಸಿಕ್ಕಿ ಒತ್ತುತ್ತದೆ. ಜಿಪ್ಪಿನ ತುದಿಗೆ ಬೆರಳುದ್ದದ ದಾರ ಕಟ್ಟಿಕೊಳ್ಳಿ, ಕೈಗವಸು ಬಿಚ್ಚದೆ ಎಳೆಯಬಹುದು.

ನಿಲ್ಲುವ ಪ್ಯಾಂಟಿಗೆ ಇರಲೇಬೇಕಾದದ್ದು ಪಕ್ಕದ ಉದ್ದ ಜಿಪ್. ಸೊಂಟದಿಂದ ಪಾದದವರೆಗೆ ಪೂರ್ತಿ ಬಿಚ್ಚಿಕೊಳ್ಳುವಂತಿದ್ದರೆ ಬೂಟು ತೆಗೆಯದೆ ಹಾಕಬಹುದು, ತೆಗೆಯಬಹುದು. ಶಿಖರಕ್ಕೆ ಹೊರಡುವ ದಿನವನ್ನು ಕಣ್ಣಮುಂದೆ ತಂದುಕೊಳ್ಳಿ. ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ, ಸುಮಾರು 3,400 ಮೀಟರ್ ಎತ್ತರದ ಕ್ಯಾಂಪಿನಿಂದ ತಲೆಗೆ ಟಾರ್ಚ್ ಕಟ್ಟಿಕೊಂಡು ಹೊರಡುತ್ತೇವೆ. ಸಾಲಿನಲ್ಲಿ ನಿಂತು ಬೂಟಿಗೆ ಮೈಕ್ರೋಸ್ಪೈಕ್, ಎಂದರೆ ಹಿಮದಲ್ಲಿ ಜಾರದಂತೆ ತಡೆಯುವ ಲೋಹದ ಮುಳ್ಳುಗಳನ್ನು, ಸಿಕ್ಕಿಸಿಕೊಳ್ಳುವಾಗ ಉಬ್ಬಿದ ಪ್ಯಾಂಟ್ ಬೇಕು. ಹದಿನೈದು ನಿಮಿಷ ಏರು ಹತ್ತಿದ ಮೇಲೆ ಬೇಡ. ಜಿಪ್ ಇಲ್ಲದಿದ್ದರೆ ಬೂಟು ಬಿಚ್ಚಿ ಹಿಮದ ಮೇಲೆ ಕಾಲೂರಬೇಕು, ಹಾಗಾಗಿ ಯಾರೂ ಬಿಚ್ಚುವುದಿಲ್ಲ, ಬೆವರುತ್ತಲೇ ಮೇಲೆ ಹೋಗುತ್ತಾರೆ. ಶಿಖರದಲ್ಲಿ ಸ್ವರ್ಗಾರೋಹಿಣಿ ಪರ್ವತದ ಮೇಲೆ ಮೊದಲ ಬೆಳಕು ಬೀಳುವುದನ್ನು ನೋಡಲು ಇಷ್ಟು ದೂರ ಬಂದಿರುತ್ತೇವೆ, ಆ ಹೊತ್ತಿಗೆ ಒದ್ದೆ ಕಾಲಿನಲ್ಲಿ ನಡುಗುತ್ತ "ಇಳಿಯೋಣ, ಇಳಿಯೋಣ" ಎನ್ನುತ್ತಿರುತ್ತಾರೆ. ನನಗೆ ಇದು ಬಹಳ ಬೇಸರದ ದೃಶ್ಯ.

ಹೆಣ್ಣುಮಕ್ಕಳಿಗೆ ಎರಡು ಮಾತು. ಗಂಡಸರ ಪ್ಯಾಂಟಿನಲ್ಲಿ ಚಿಕ್ಕ ಅಳತೆಯದನ್ನು ಕೊಟ್ಟು ಇದೇ ಆಗುತ್ತದೆ ಎನ್ನುವ ಅಂಗಡಿಯಿಂದ ಎದ್ದು ಬನ್ನಿ. ಅದು ಸೊಂಟಕ್ಕೆ ದೊಡ್ಡದು, ಪೃಷ್ಠಕ್ಕೆ ಬಿಗಿ, ಬಿಗಿಯಾದಲ್ಲಿ ಗಾಳಿ ಇಲ್ಲ, ಗಾಳಿ ಇಲ್ಲದಲ್ಲಿ ಬಿಸಿ ಇಲ್ಲ. ಮುಟ್ಟಿನ ದಿನಗಳಿದ್ದರೆ ಪದೇ ಪದೇ ಬದಲಿಸಬೇಕಾಗುತ್ತದೆ, ಆಗಂತೂ ಎಲಾಸ್ಟಿಕ್ ಸೊಂಟ ದೇವರು ಕೊಟ್ಟಂತೆ. ಶೌಚದ ಟೆಂಟಿಗೆ ಹೋಗುವ ಕಷ್ಟಕ್ಕೆ ಹೆದರಿ ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಹುಡುಗಿಯರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಎತ್ತರದಲ್ಲಿ ಅದು ತಲೆನೋವನ್ನು ಕೈಬೀಸಿ ಕರೆದಂತೆ. ಸುಲಭವಾಗಿ ಇಳಿಯುವ ಪ್ಯಾಂಟ್ ಕೊಳ್ಳಿ, ಹೊಟ್ಟೆ ತುಂಬ ನೀರು ಕುಡಿಯಿರಿ.

ಮಧ್ಯದಲ್ಲಿ ಒಬ್ಬರು ಜೀನ್ಸ್ ಬಗ್ಗೆ ಕೇಳಿದರು: ಜೀನ್ಸ್ ಹಾಕಿ ಅದರ ಮೇಲೆ ಮಳೆಯ ಪ್ಯಾಂಟ್ ಹಾಕಿಕೊಂಡರೆ ಆಗುವುದಿಲ್ಲವೇ ಎಂದು. ಆಗುವುದಿಲ್ಲ. ಮಳೆಯ ಪ್ಯಾಂಟ್ ಹೊರಗಿನ ನೀರನ್ನು ತಡೆಯುತ್ತದೆ, ಒಳಗಿನ ಬೆವರನ್ನು ಏನು ಮಾಡುತ್ತೀರಿ? ಜೀನ್ಸ್ ದಪ್ಪ ಹತ್ತಿ. ಒಮ್ಮೆ ಒದ್ದೆಯಾದರೆ ನಾಲ್ಕು ದಿನವೂ ಆರುವುದಿಲ್ಲ, ರಾತ್ರಿ ಹೆಪ್ಪುಗಟ್ಟುತ್ತದೆ. ದೇಹದ ಒಳಗಿನ ತಾಪ 35 ಡಿಗ್ರಿಗಿಂತ ಕೆಳಗೆ ಇಳಿದರೆ ಅದು ಪ್ರಾಣಕ್ಕೇ ಅಪಾಯ. ಮಾತು ತೊದಲುವುದು, ಕಾಲು ಎಡವುವುದು ಶುರುವಾದರೆ ಆಟವಲ್ಲ. ಡೆಹ್ರಾಡೂನ್‌ನಿಂದ ಸಾಂಕ್ರಿಗೆ ಹೋಗುವ ಇಡೀ ದಿನದ ರಸ್ತೆ ಪ್ರಯಾಣಕ್ಕೆ ಜೀನ್ಸ್ ಹಾಕಿಕೊಳ್ಳಿ, ಸಾಂಕ್ರಿಯಲ್ಲೇ ಬಿಟ್ಟು ಮೇಲೆ ಬನ್ನಿ.

ಮಳೆಯ ಪ್ಯಾಂಟ್ ಮಾತ್ರ ಖಂಡಿತ ಇರಲಿ, ತೆಳ್ಳಗಿನದು ಸಾಕು. ಶಿಖರದ ಅಂಚಿನಲ್ಲಿ ಗಾಳಿ ಎದ್ದಾಗ ನಡೆಯುವ ಪ್ಯಾಂಟಿನ ಮೇಲೆ ಅದೊಂದನ್ನು ಹಾಕಿಕೊಂಡರೆ ಎಷ್ಟೋ ಬದಲಾಗುತ್ತದೆ. ಇಳಿಯುವಾಗ ಎಲ್ಲರೂ ಹಿಮದ ಮೇಲೆ ಕುಳಿತು ಮಕ್ಕಳಂತೆ ಜಾರುತ್ತಾರೆ, ನೀವೂ ಜಾರುತ್ತೀರಿ, ಬೇಡ ಎಂದರೂ ಕೇಳುವುದಿಲ್ಲ. ಆಗ ಅದು ಮೈಮೇಲೆ ಇರಲಿ. ಪಾದದ ಬಳಿ ಹಿಮ ನುಗ್ಗದಂತೆ ಗೇಟರ್ ಎಂಬ ಕಾಲುಪಟ್ಟಿ ಕಟ್ಟಿಕೊಳ್ಳಿ, ಅದು ಬಾಡಿಗೆಗೆ ಸಿಗುತ್ತದೆ.

ಬೆಂಕಿಯ ಹತ್ತಿರ ಒಣಗಿಸಲು ಹೋಗಬೇಡಿ. ನೈಲಾನ್, ಪಾಲಿಯೆಸ್ಟರ್ ಎರಡೂ ಕರಗುವ ಬಟ್ಟೆಗಳು. ಒಂದು ಕಿಡಿ ಸಾಕು, ಸೀದು ತೂತಾಗಿ ಒಳಗಿನದು ಹೊರಗೆ ಇಣುಕುತ್ತದೆ. ಸ್ವಲ್ಪವೇ ತೇವವಿರುವುದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಹೊಟ್ಟೆಯ ಬಳಿ ಇಟ್ಟುಕೊಂಡು ಮಲಗಿದರೆ ಬೆಳಗ್ಗೆ ಹೆಪ್ಪುಗಟ್ಟಿರುವುದಿಲ್ಲ. ನೀರು ಹಿಂಡುವಷ್ಟು ಒದ್ದೆಯಾದದ್ದನ್ನು ಮಾತ್ರ ಒಳಗೆ ತರಬೇಡಿ. ಬಿಸಿನೀರಿನ ಬಾಟಲಿಗೆ ಕಾಲುಚೀಲ ತೊಡಿಸಿ ತೊಡೆಗಳ ನಡುವೆ ಇಟ್ಟುಕೊಳ್ಳಿ. ಕಾಲಿಗೆ ಇಳಿಯುವ ದೊಡ್ಡ ರಕ್ತನಾಳ ತೊಡೆಸಂದಿನಲ್ಲಿ ಚರ್ಮದ ಹತ್ತಿರವೇ ಹಾಯುತ್ತದೆ, ಅಲ್ಲಿ ಬಿಸಿ ತಾಗಿದರೆ ಪಾದಕ್ಕೂ ಮುಟ್ಟುತ್ತದೆ.

ಮನೆಗೆ ಬಂದ ಮೇಲೆ ತಣ್ಣೀರಿನಲ್ಲಿ, ಕಡಿಮೆ ಸೋಪಿನಲ್ಲಿ ಒಗೆಯಿರಿ. ಬಟ್ಟೆ ಮೆತ್ತಗೆ ಮಾಡುವ ಪರಿಮಳದ ದ್ರವ ಹಾಕಬೇಡಿ, ಅದು ಎಳೆಗಳಿಗೆ ಮೆತ್ತಿಕೊಂಡು ಬೆವರು ಹೊರಹೋಗುವ ದಾರಿ ಮುಚ್ಚುತ್ತದೆ. ತಿರುಚಿ ಹಿಂಡಬೇಡಿ. ಉಬ್ಬಿದ ಪ್ಯಾಂಟನ್ನು ಅದರ ಪುಟ್ಟ ಚೀಲದಲ್ಲಿ ಅಮುಕಿ ವರ್ಷವಿಡೀ ಇಟ್ಟರೆ ಮತ್ತೆ ಅರಳುವುದಿಲ್ಲ, ಬೀರುವಿನಲ್ಲಿ ತೂಗುಹಾಕಿ.

ಕೊಳ್ಳಬೇಕೋ ಬಾಡಿಗೆಗೆ ತರಬೇಕೋ ಎಂದು ಹಲವರು ಕೇಳಿದ್ದೀರಿ. ಥರ್ಮಲ್, ನಡೆಯುವ ಪ್ಯಾಂಟ್ ಎರಡನ್ನು ಕೊಳ್ಳಿ, ಅವು ಮೈಗೆ ಹೊಂದಬೇಕಾದ ಬಟ್ಟೆಗಳು, ಆಮೇಲೂ ಉಪಯೋಗಕ್ಕೆ ಬರುತ್ತವೆ. ಉಬ್ಬಿದ ಪ್ಯಾಂಟ್ ಮೊದಲ ಸಲ ಬಾಡಿಗೆಗೆ ತಂದರೂ ಸಾಕು. ಆದರೆ ಸಾಂಕ್ರಿಯಲ್ಲಿ ಹೊರಡುವ ಬೆಳಗ್ಗೆ ಗಡಿಬಿಡಿಯಲ್ಲಿ ಎತ್ತಿಕೊಳ್ಳಬೇಡಿ. ಹಿಂದಿನ ಸಂಜೆಯೇ ಹೋಗಿ ಜಿಪ್ಪನ್ನು ಹತ್ತು ಸಲ ಎಳೆದು ನೋಡಿ, ಬೂಟಿನ ಮೇಲೆ ಹಾಕಿ ನೋಡಿ, ಒಳಗಿನ ಪದರ ಒಂದೇ ಕಡೆ ಮುದ್ದೆಯಾಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ.

ಬರುವ ಭಾನುವಾರ ಬೆಳಗ್ಗೆ ಐದೂವರೆಗೆ ಶಿವಗಂಗೆಯ ಬುಡದಲ್ಲಿ ಸೇರೋಣ. ಚೀಲದಲ್ಲಿ ಆರೇಳು ಕಿಲೋ ಭಾರ ಇರಲಿ, ಮೇಲ್ಭಾಗದಲ್ಲಿ ನಿಲ್ಲುವ ಪ್ಯಾಂಟ್ ಇರಲಿ. ಇನ್ನೂ ಕೊಂಡಿಲ್ಲದವರು ಮಳೆಯ ಪ್ಯಾಂಟ್ ತನ್ನಿ. ಮೆಟ್ಟಿಲು ಹತ್ತಿ ಮೇಲೆ ಹೋದ ಮೇಲೆ, ಕೈಗವಸು ಹಾಕಿಕೊಂಡು, ಬೂಟು ಬಿಚ್ಚದೆ, ಗಾಳಿಗೆ ಬೆನ್ನು ತಿರುಗಿಸಿ ನಿಂತು ಅದನ್ನು ಹಾಕಿಕೊಳ್ಳಬೇಕು, ಮತ್ತೆ ಬಿಚ್ಚಿ ಮಡಿಸಿ ಚೀಲಕ್ಕೆ ಸೇರಿಸಬೇಕು. ಮೊದಲ ಸಲ ಐದು ನಿಮಿಷ ಹಿಡಿಯುತ್ತದೆ. ಎರಡು ನಿಮಿಷಕ್ಕೆ ಇಳಿಯುವ ತನಕ ಅಲ್ಲೇ ಅಭ್ಯಾಸ ಮಾಡೋಣ, ಆಮೇಲೆ ತಿಂಡಿ.